ಮರದ ಜಂತೆ, ಕಾಂಕ್ರೀಟ್ ಚಪ್ಪಡಿ ಮತ್ತು ನಡುವಿನ ಜಾರಿಕೆಯ ಲೆಕ್ಕ

ಮರದ ಜಂತೆಗಳ ಮೇಲೆ ಆರೇಳು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚಪ್ಪಡಿಯನ್ನು ಹಾಕಿ, ಎರಡೂ ಒಟ್ಟಾಗಿ ಬಾಗುವಂತೆ ಸ್ಕ್ರೂಗಳಿಂದಲೋ, ಮರದಲ್ಲಿ ಕೊರೆದ ಕಚ್ಚುಗಳಿಂದಲೋ, ಅಂಟಿನಲ್ಲಿ ನಿಲ್ಲಿಸಿದ ಉಕ್ಕಿನ ಜಾಲರಿಯಿಂದಲೋ ಜೋಡಿಸಿದರೆ ಅದು ಮರ–ಕಾಂಕ್ರೀಟ್ ಸಂಯುಕ್ತ ಮಹಡಿಯಾಗುತ್ತದೆ. ಭಾರ ಬಿದ್ದಾಗ ಮೇಲಿನ ಕಾಂಕ್ರೀಟ್ ಬಹುಮಟ್ಟಿಗೆ ಒತ್ತಡವನ್ನು ಹೊರುತ್ತದೆ, ಕೆಳಗಿನ ಮರ ಎಳೆತವನ್ನು ಹೊರುತ್ತದೆ. ಹೀಗೆ ಪ್ರತಿಯೊಂದು ವಸ್ತುವೂ ತನಗೆ ಒಗ್ಗುವ ಕೆಲಸವನ್ನೇ ಮಾಡುತ್ತದೆ. ಇಂಥ ಮಹಡಿಗಳ ಕಂಪ್ಯೂಟರ್ ಮಾದರಿಗಳನ್ನು ಕಟ್ಟುವುದು ನನ್ನ ವೃತ್ತಿಯ ಒಂದು ಭಾಗ. ಈ ಮಾದರಿಗಳಲ್ಲಿ ಫಲಿತಾಂಶವನ್ನು ನಿರ್ಧರಿಸುವುದು ಮರದ ಗುಣವೂ ಅಲ್ಲ, ಕಾಂಕ್ರೀಟಿನ ದರ್ಜೆಯೂ ಅಲ್ಲ, ಎರಡರ ನಡುವಿನ ಜೋಡಣೆ ಎಷ್ಟು ಜಾರುತ್ತದೆ ಎಂಬುದು ಎಂದು ನನಗೆ ವರ್ಷಗಳಿಂದ ಅನ್ನಿಸುತ್ತಾ ಬಂದಿದೆ. ಆ ಮಾತನ್ನು ಇಲ್ಲಿ ಅಂಕಿಗಳ ಸಮೇತ ಬರೆಯುತ್ತಿದ್ದೇನೆ.

ಈ ವಿಧಾನ ಹೊಸದೇನಲ್ಲ. ಜರ್ಮನಿಯಲ್ಲಿ 1922ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಸೇತುವೆ ಎಂಜಿನಿಯರ್ ಕಾಂಡೆ ಮೆಕಲ್ಲೋ 1930ರ ದಶಕದಲ್ಲಿ ಮರ–ಕಾಂಕ್ರೀಟ್ ತೊಲೆಗಳನ್ನು ಪರೀಕ್ಷಿಸಿದರು, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಿಚರ್ಟ್ ಮತ್ತು ವಿಲಿಯಮ್ಸ್ ತಮ್ಮ ಪರೀಕ್ಷೆಗಳನ್ನು 1943ರಲ್ಲಿ ಪ್ರಕಟಿಸಿದರು. ಅದೇ ವಿಶ್ವವಿದ್ಯಾಲಯದಿಂದ 1951ರಲ್ಲಿ ನ್ಯೂಮಾರ್ಕ್ ಮತ್ತು ಅವರ ಸಂಗಡಿಗರು, ಜೋಡಣೆ ಭಾಗಶಃ ಜಾರುವ ಸಂಯುಕ್ತ ತೊಲೆಗೆ ಒಂದು ಸಮೀಕರಣವನ್ನು ಕೊಟ್ಟರು. ಅವರ ಮುಂದೆ ಇದ್ದದ್ದು ಉಕ್ಕು ಮತ್ತು ಕಾಂಕ್ರೀಟ್. ಆದರೆ ಮೂಲತತ್ತ್ವ ಮರಕ್ಕೂ ಅಷ್ಟೇ ಸಲ್ಲುತ್ತದೆ. 1956ರಲ್ಲಿ ಕಾರ್ಲ್ ಮೋಹ್ಲರ್ ಮರದ ರಚನೆಗಳಿಗಾಗಿ ರೂಪಿಸಿದ ಸರಳ ವಿಧಾನವೇ ಇಂದು ಮರದ ರಚನೆಗಳ ಯುರೋಪಿನ ವಿನ್ಯಾಸ ನಿಯಮಾವಳಿಯಾದ ಯೂರೋಕೋಡ್ 5ರ ಅನುಬಂಧ ‘ಬಿ’ಯಲ್ಲಿರುವ ಗಾಮಾ ವಿಧಾನ. ಸಂಯುಕ್ತ ಮಹಡಿಗಳಿಗೆಂದೇ ಯುರೋಪಿನಲ್ಲಿ 2021ರಲ್ಲಿ 19103 ಸಂಖ್ಯೆಯ ಪ್ರತ್ಯೇಕ ತಾಂತ್ರಿಕ ನಿರ್ದೇಶನವೂ ಹೊರಬಂದಿತು. ಆಸ್ಟ್ರಿಯಾದ ಡಾರ್ನ್‌ಬಿರ್ನ್‌ನಲ್ಲಿ 2012ರಲ್ಲಿ ಮುಗಿದ ಎಂಟು ಮಹಡಿಯ ಎಲ್‌ಸಿಟಿ ಒನ್ ಕಟ್ಟಡದಲ್ಲಿಯೂ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಆವರಣದಲ್ಲಿ 2017ರಲ್ಲಿ ತೆರೆದ ಆಲ್ವರ್ ಡಿಸೈನ್ ಬಿಲ್ಡಿಂಗಿನಲ್ಲಿಯೂ ಇಂಥ ಮಹಡಿಗಳೇ ಇವೆ.

ಮಾತನ್ನು ಒಂದು ನಿರ್ದಿಷ್ಟ ಉದಾಹರಣೆಗೆ ಇಳಿಸುತ್ತೇನೆ. ಆರು ಮೀಟರ್ ಅಂತರದ ಎರಡು ಗೋಡೆಗಳ ಮೇಲೆ ಕುಳಿತ ಒಂದು ಜಂತೆ. ಅಗಲ 120 ಮಿ.ಮೀ., ಎತ್ತರ 240 ಮಿ.ಮೀ. ಪದರಗಳನ್ನು ಅಂಟಿಸಿ ಮಾಡಿದ ಗ್ಲುಲ್ಯಾಮ್ ಮರ, ಅದರ ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ಎಳೆದಾಗ ಒತ್ತಿದಾಗ ವಸ್ತು ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬುದರ ಅಳತೆ, 11,500 ಮೆಗಾಪ್ಯಾಸ್ಕಲ್. ಜಂತೆಗಳ ನಡುವಿನ ಅಂತರ 600 ಮಿ.ಮೀ., ಮೇಲೆ 70 ಮಿ.ಮೀ. ದಪ್ಪದ ಕಾಂಕ್ರೀಟ್, ಅದರ ಗುಣಾಂಕ 31,000 ಮೆಗಾಪ್ಯಾಸ್ಕಲ್. ಎರಡರ ನಡುವೆ ಯಾವ ಜೋಡಣೆಯೂ ಇಲ್ಲದಿದ್ದರೆ, ಬಾಗುವಿಕೆಗೆ ಎರಡೂ ಬಿಡಿಬಿಡಿಯಾಗಿ ಒಡ್ಡುವ ಪ್ರತಿರೋಧದ ಮೊತ್ತ, ಅಂದರೆ ಸ್ಟಿಫ್‌ನೆಸ್, ಸುಮಾರು 2,120 ಕಿಲೋನ್ಯೂಟನ್-ಚದರ ಮೀಟರ್. ಎಳ್ಳಷ್ಟೂ ಜಾರದಂತೆ ಎರಡನ್ನೂ ಒಂದಾಗಿಸಿದರೆ ಅದು 8,465ಕ್ಕೆ ಏರುತ್ತದೆ, ಹೆಚ್ಚುಕಡಿಮೆ ನಾಲ್ಕು ಪಟ್ಟು. ನಿಜವಾದ ಮಹಡಿ ಈ ಎರಡು ಅಂಚುಗಳ ನಡುವೆ ಎಲ್ಲಿಯೋ ಇರುತ್ತದೆ. ಎಲ್ಲಿ ಎಂದು ಹೇಳುವುದೇ ಮಾದರಿಯ ಕೆಲಸ.

ಪ್ರತಿ 150 ಮಿ.ಮೀ.ಗೆ ಒಂದು ಜೋಡಣೆ ಇದೆ, ಅದನ್ನು ಒಂದು ಮಿಲಿಮೀಟರ್ ಜಾರಿಸಲು 15 ಕಿಲೋನ್ಯೂಟನ್ ಬಲ ಬೇಕು ಎಂದುಕೊಳ್ಳೋಣ. ಇದಕ್ಕೆ ಜಾರಿಕೆಯ ಗುಣಾಂಕ ಎಂದು ಹೆಸರು. ಗಾಮಾ ವಿಧಾನದಲ್ಲಿ ಈ ಗುಣಾಂಕ, ಜೋಡಣೆಗಳ ಅಂತರ, ತೊಲೆಯ ಉದ್ದ ಮತ್ತು ಕಾಂಕ್ರೀಟಿನ ಅಕ್ಷೀಯ ಸ್ಟಿಫ್‌ನೆಸ್ (ಉದ್ದಕ್ಕೆ ಒತ್ತಿದಾಗ ಅಥವಾ ಎಳೆದಾಗ ಒಡ್ಡುವ ಪ್ರತಿರೋಧ) ಸೇರಿ ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಅಂಕಿಯನ್ನು, ಅಂದರೆ ಗಾಮಾವನ್ನು, ಕೊಡುತ್ತವೆ. ನಮ್ಮ ಉದಾಹರಣೆಯಲ್ಲಿ ಅದು 0.22. ಮೊದಲ ಸಲ ಇದನ್ನು ನೋಡುವವರು ಜೋಡಣೆ ಶೇಕಡಾ 22ರಷ್ಟು ಮಾತ್ರ ಕೆಲಸ ಮಾಡುತ್ತಿದೆ ಎಂದು ನಿರಾಶರಾಗುತ್ತಾರೆ. ಆದರೆ ಈ ಅಂಕಿಯನ್ನು ಸೂತ್ರದಲ್ಲಿಟ್ಟು ಮುಂದುವರಿದರೆ ಒಟ್ಟು ಸ್ಟಿಫ್‌ನೆಸ್ 5,800 ಎಂದು ಬರುತ್ತದೆ. ಬಿಡಿಬಿಡಿಯಾದ ಸ್ಥಿತಿಯಿಂದ ಪೂರ್ಣ ಬೆಸುಗೆಯವರೆಗಿನ ದಾರಿಯಲ್ಲಿ ಇದು ಶೇಕಡಾ 58ರಷ್ಟು ಮುಂದೆ ಬಂದಂತಾಯಿತು. ಮರಕ್ಕೆ ಹೋಲಿಸಿದರೆ ಕಾಂಕ್ರೀಟಿನ ಅಕ್ಷೀಯ ಸ್ಟಿಫ್‌ನೆಸ್ ಇಲ್ಲಿ ಸುಮಾರು ನಾಲ್ಕು ಪಟ್ಟು ಇರುವುದರಿಂದ, ಅದರ ಬಹುಪಾಲು ಕೈಗೆ ಸಿಗದಿದ್ದರೂ ಸಿಕ್ಕಷ್ಟರಿಂದಲೇ ಸಾಕಷ್ಟು ಲಾಭವಾಗುತ್ತದೆ.

ಇನ್ನು ಯಾವ ಅಂಕಿ ಎಷ್ಟು ಮುಖ್ಯ ಎಂಬುದನ್ನು ನೋಡಬೇಕು. ಕಾಂಕ್ರೀಟಿನ ಗುಣಾಂಕವನ್ನು ಯೂರೋಕೋಡಿನ 31,000ದ ಬದಲು ಕಾಂಕ್ರೀಟಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 456ರ ಸೂತ್ರದ ಪ್ರಕಾರ ಎಂ25 ದರ್ಜೆಗೆ ಬರುವ 25,000ಕ್ಕೆ ಇಳಿಸಿದರೆ, ಒಟ್ಟು ಸ್ಟಿಫ್‌ನೆಸ್ 5,800ರಿಂದ ಸುಮಾರು 5,600ಕ್ಕೆ ಇಳಿಯುತ್ತದೆ. ಅಂದರೆ ವಸ್ತುವಿನ ಅಂಕಿ ಶೇಕಡಾ 19ರಷ್ಟು ತಗ್ಗಿದರೂ ಫಲಿತಾಂಶ ತಗ್ಗುವುದು ಶೇಕಡಾ ಮೂರೂವರೆ ಮಾತ್ರ. ಅದೇ ಜಾರಿಕೆಯ ಗುಣಾಂಕವನ್ನು ಅರ್ಧಕ್ಕೆ ಇಳಿಸಿದರೆ ಸ್ಟಿಫ್‌ನೆಸ್ 4,710ಕ್ಕೆ ಕುಸಿಯುತ್ತದೆ, ದುಪ್ಪಟ್ಟು ಮಾಡಿದರೆ 6,780ಕ್ಕೆ ಏರುತ್ತದೆ. ಜೋಡಣೆಯ ಗುಣಾಂಕ ಅರ್ಧವಾಗುವುದು ಅಥವಾ ದುಪ್ಪಟ್ಟಾಗುವುದು ಅಪರೂಪದ ಸಂಗತಿಯಲ್ಲ. ಸ್ಕ್ರೂವನ್ನು ಲಂಬವಾಗಿ ಹಾಕುವ ಬದಲು 45 ಡಿಗ್ರಿ ಓರೆಯಾಗಿ ಹಾಕಿದರೆ, ಮರ ಮತ್ತು ಕಾಂಕ್ರೀಟಿನ ನಡುವೆ ಹಲಗೆಯ ಪದರವೊಂದು ಬಂದರೆ, ಅಥವಾ ಮರದ ಸಾಂದ್ರತೆ ಬದಲಾದರೆ ಸಾಕು. ಹಾಗಿದ್ದೂ ಕಚೇರಿಗಳಲ್ಲಿ ಕಾಂಕ್ರೀಟಿನ ದರ್ಜೆಯ ಮೇಲೆ ನಡೆಯುವಷ್ಟು ಚರ್ಚೆ ಈ ಗುಣಾಂಕದ ಮೇಲೆ ನಡೆಯುವುದಿಲ್ಲ ಎಂಬುದು ನನ್ನ ನಿಜವಾದ ಕಳವಳ.

ಕಂಪ್ಯೂಟರ್ ಮಾದರಿಯ ವಿಷಯಕ್ಕೆ ಬರುತ್ತೇನೆ. ದಿನನಿತ್ಯದ ವಿನ್ಯಾಸಕ್ಕೆ ಸಾಕಾಗುವ ಮಾದರಿ ಬಹಳ ಸರಳವಾದದ್ದು. ಕಾಂಕ್ರೀಟಿನ ಮಧ್ಯರೇಖೆಯಲ್ಲಿ ಒಂದು ಸಾಲು ತೊಲೆ ಎಲಿಮೆಂಟುಗಳು (ಲೆಕ್ಕಕ್ಕಾಗಿ ತೊಲೆಯನ್ನು ವಿಂಗಡಿಸಿದ ಚಿಕ್ಕ ತುಂಡುಗಳು), ಮರದ ಮಧ್ಯರೇಖೆಯಲ್ಲಿ ಇನ್ನೊಂದು ಸಾಲು. ನಮ್ಮ ಉದಾಹರಣೆಯಲ್ಲಿ ಇವೆರಡರ ನಡುವೆ 155 ಮಿ.ಮೀ. ಅಂತರವಿರುತ್ತದೆ. ಎಲಿಮೆಂಟುಗಳು ಒಂದಕ್ಕೊಂದು ಸೇರುವ ಬಿಂದುವಿಗೆ ‘ನೋಡ್’ ಎಂದು ಹೆಸರು. ಪ್ರತಿ ಜೋಡಣೆಯ ಜಾಗದಲ್ಲಿ ಕಾಂಕ್ರೀಟಿನ ನೋಡಿನಿಂದ 35 ಮಿ.ಮೀ. ಕೆಳಕ್ಕೂ, ಮರದ ನೋಡಿನಿಂದ 120 ಮಿ.ಮೀ. ಮೇಲಕ್ಕೂ ಬಾಗದ ಕೊಂಡಿಗಳನ್ನು ಎಳೆದು, ಅವು ಎದುರಾಗುವ ಬಿಂದುವಿನಲ್ಲಿ, ಅಂದರೆ ಎರಡು ವಸ್ತುಗಳು ನಿಜವಾಗಿ ಮುಟ್ಟುವ ಮಟ್ಟದಲ್ಲಿ, ಒಂದು ಸ್ಪ್ರಿಂಗನ್ನು ಇಡಬೇಕು. ಆ ಸ್ಪ್ರಿಂಗ್ ಉದ್ದದ ದಿಕ್ಕಿನಲ್ಲಿ ಮಾತ್ರ ಜಾರಲು ಬಿಡುತ್ತದೆ, ಮೇಲೆ-ಕೆಳಗಿನ ದಿಕ್ಕಿನಲ್ಲಿ ಎರಡು ಸಾಲುಗಳನ್ನೂ ಜೊತೆಯಾಗಿ ಹಿಡಿದಿಡುತ್ತದೆ. ಎಟ್ಯಾಬ್ಸ್, ಸ್ಯಾಪ್2000, ಆರ್‌ಫೆಮ್, ಓಪನ್‌ಸೀಸ್ ಮುಂತಾದ ಯಾವ ತಂತ್ರಾಂಶದಲ್ಲಾದರೂ ಇದನ್ನು ಕಟ್ಟಬಹುದು.

ಇಲ್ಲಿ ದಾರಿ ತಪ್ಪುವ ಎರಡು ಕಡೆಗಳಿವೆ. ಮೊದಲನೆಯದು, ಚಪ್ಪಡಿಯ ಮತ್ತು ಜಂತೆಯ ನೋಡುಗಳು ಒಂದೇ ಇರುವಂತೆ ಮಾಡಿ, ಜಂತೆಯನ್ನು ಅಲ್ಲಿಂದ ಕೆಳಕ್ಕೆ ಸರಿಸಿ (ಆಫ್‌ಸೆಟ್ ಕೊಟ್ಟು) ಬಿಡುವುದು. ಬಹಳಷ್ಟು ತಂತ್ರಾಂಶಗಳಲ್ಲಿ ಇದೇ ಅತಿ ಸುಲಭವಾದ ದಾರಿ, ಪರದೆಯ ಮೇಲೆ ಚಿತ್ರವೂ ಸುಂದರವಾಗಿ ಬರುತ್ತದೆ. ಆದರೆ ಕಂಪ್ಯೂಟರ್ ಲೆಕ್ಕ ಹಾಕಿರುವುದು ಎಳ್ಳಷ್ಟೂ ಜಾರದ, ಎಲ್ಲಿಯೂ ಇಲ್ಲದ ಮಹಡಿಯೊಂದನ್ನು. ಎರಡನೆಯದು, ಬಾಗದ ಕೊಂಡಿಗಳನ್ನು ಬಿಟ್ಟು, ಸ್ಪ್ರಿಂಗನ್ನು ನೇರವಾಗಿ ಮಧ್ಯರೇಖೆಯಿಂದ ಮಧ್ಯರೇಖೆಗೆ ಕಟ್ಟುವುದು. ಬಾಗಿದಾಗ ಸಂಪರ್ಕದ ಮಟ್ಟದಲ್ಲಿ ಉಂಟಾಗುವ ಸಾಪೇಕ್ಷ ಚಲನೆ ಆಗ ಸ್ಪ್ರಿಂಗಿಗೆ ತಿಳಿಯುವುದೇ ಇಲ್ಲ, ಸಂಯುಕ್ತ ಕ್ರಿಯೆ ಮಾಯವಾಗುತ್ತದೆ. ಎರಡನ್ನೂ ಹಿಡಿಯುವ ಪರೀಕ್ಷೆ ಒಂದೇ: ಸಮಹಂಚಿಕೆಯ ಭಾರ ಹೊತ್ತ ಸರಳ ತೊಲೆಗೆ ಮಾದರಿಯನ್ನು ಓಡಿಸಿ, ಕೈಲೆಕ್ಕದ ಗಾಮಾ ಫಲಿತಾಂಶದ ಜೊತೆ ಇಟ್ಟು ನೋಡುವುದು. ಸ್ಪ್ರಿಂಗಿನ ಅಂಕಿಯನ್ನು ವಿಪರೀತ ಏರಿಸಿದಾಗ ಪೂರ್ಣ ಬೆಸುಗೆಯ ಉತ್ತರ, ಸೊನ್ನೆಗೆ ಇಳಿಸಿದಾಗ ಬಿಡಿಬಿಡಿಯ ಉತ್ತರ ಬರಲೇಬೇಕು. ಇದನ್ನು ಮಾಡದ ಮಾದರಿಯನ್ನು ನಾನು ಸಹಿ ಹಾಕಲು ಒಪ್ಪುವುದಿಲ್ಲ.

ಹಾಗಾದರೆ ಗಾಮಾ ವಿಧಾನವೇ ಸಾಕಲ್ಲವೇ, ಕಂಪ್ಯೂಟರ್ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಗಾಮಾ ವಿಧಾನ ತೊಲೆ ಸೈನ್ ರೇಖೆಯ ಆಕಾರದಲ್ಲಿ ಬಾಗುತ್ತದೆ ಎಂದು ಭಾವಿಸಿಕೊಳ್ಳುತ್ತದೆ. ಸಮಹಂಚಿಕೆಯ ಭಾರಕ್ಕೆ ಅದು ಬಹಳ ಹತ್ತಿರದ ಕಲ್ಪನೆ. ಆದರೆ ನಡುವೆ ಗೋಡೆಯೊಂದರ ಭಾರ ಬಿದ್ದಾಗ, ತೊಲೆ ಎರಡು ಮೂರು ಆಸರೆಗಳ ಮೇಲೆ ಮುಂದುವರಿದಾಗ, ಕಚ್ಚುಗಳು ಕೆಲವೇ ಕೆಲವಿದ್ದು ದೂರದೂರ ಇರುವಾಗ ಅದು ಸಾಲದು. ಸ್ಕ್ರೂಗಳನ್ನು ಗೋಡೆಯ ಬಳಿ ಒತ್ತೊತ್ತಾಗಿ, ನಡುವೆ ವಿರಳವಾಗಿ ಹಾಕಿದಾಗ, ಅತಿ ದೊಡ್ಡ ಅಂತರ ಅತಿ ಚಿಕ್ಕ ಅಂತರದ ನಾಲ್ಕು ಪಟ್ಟನ್ನು ಮೀರದಿದ್ದರೆ, ಚಿಕ್ಕದರ ಮುಕ್ಕಾಲು ಪಾಲಿಗೆ ದೊಡ್ಡದರ ಕಾಲು ಪಾಲನ್ನು ಕೂಡಿಸಿ ಒಂದು ಸರಾಸರಿ ಅಂತರವನ್ನು ಬಳಸಲು ಯೂರೋಕೋಡ್ ಅನುಮತಿಸುತ್ತದೆ. ಆದರೆ ಯಾವ ಸ್ಕ್ರೂವಿನ ಮೇಲೆ ಎಷ್ಟು ಬಲ ಬಿತ್ತು ಎಂದು ಬಿಡಿಸಿ ಹೇಳುವುದು ಸ್ಪ್ರಿಂಗ್ ಮಾದರಿಯೇ.

ಜಾರಿಕೆಯಿಂದ ಕಾಂಕ್ರೀಟಿನ ಒಳಗಿನ ಒತ್ತಡ-ಎಳೆತಗಳ ಚಿತ್ರವೂ ಬದಲಾಗುತ್ತದೆ. ಪೂರ್ಣ ಬೆಸುಗೆಯಲ್ಲಿ ತಟಸ್ಥ ರೇಖೆ, ಅಂದರೆ ಒತ್ತಡ ಮುಗಿದು ಎಳೆತ ಶುರುವಾಗುವ ಮಟ್ಟ, ಚಪ್ಪಡಿಯ ಅಡಿಯಂಚಿಗೆ ತೀರ ಸಮೀಪ ಬೀಳುವುದರಿಂದ ಚಪ್ಪಡಿಯೆಲ್ಲ ಹೆಚ್ಚುಕಡಿಮೆ ಒತ್ತಡದಲ್ಲೇ ಇರುತ್ತದೆ. ಜಾರಿಕೆ ಇದ್ದಾಗ ಚಪ್ಪಡಿಗೆ ಒಂದು, ಮರಕ್ಕೆ ಒಂದು ಎಂದು ಎರಡು ತಟಸ್ಥ ರೇಖೆಗಳು ಏರ್ಪಡುತ್ತವೆ. ನಮ್ಮ ಮಹಡಿಯ ಮೇಲೆ ಸ್ವಂತ ತೂಕ, ನೆಲಹಾಸು ಮತ್ತು ಬಳಕೆಯ ಭಾರ ಸೇರಿ ಚದರ ಮೀಟರಿಗೆ ಸುಮಾರು 5 ಕಿಲೋನ್ಯೂಟನ್ ಇದೆ ಎಂದುಕೊಂಡರೆ, ಚಪ್ಪಡಿಯ ಅಡಿಯಲ್ಲಿ ಸುಮಾರು 1.2 ಮೆಗಾಪ್ಯಾಸ್ಕಲ್ ಎಳೆತ ಬರುತ್ತದೆ. ಈ ದರ್ಜೆಯ ಕಾಂಕ್ರೀಟಿನ ಸರಾಸರಿ ಎಳೆತ ಸಾಮರ್ಥ್ಯ 2.6 ಆಗಿರುವುದರಿಂದ ಇಲ್ಲಿ ಬಿರುಕು ಬಿಡದು. ಚಪ್ಪಡಿಯನ್ನು ದಪ್ಪ ಮಾಡಿದರೆ ಅಥವಾ ಜೋಡಣೆಯನ್ನು ಸಡಿಲಗೊಳಿಸಿದರೆ ಆ ಭರವಸೆ ಉಳಿಯುವುದಿಲ್ಲ.

ಅದೇ ಭಾರಕ್ಕೆ ನಡುವಿನ ಬಾಗು ಪೂರ್ಣ ಬೆಸುಗೆಯ ಲೆಕ್ಕದಲ್ಲಿ 5.9 ಮಿ.ಮೀ., ಜಾರಿಕೆ ಸೇರಿಸಿದಾಗ 8.6, ಜೋಡಣೆಯೇ ಇಲ್ಲದಿದ್ದರೆ 23.6. ಬಾಗಿಗಿಂತ ಹೆಚ್ಚು ಸೂಕ್ಷ್ಮವಾದದ್ದು ಕಂಪನ. ವಾಸದ ಮಹಡಿಗಳ ಸಹಜ ಆವರ್ತನ 8 ಹರ್ಟ್ಸ್ (ಸೆಕೆಂಡಿಗೆ ಎಂಟು ಸಲದ ಅಲುಗಾಟ) ಮೀರದಿದ್ದರೆ ವಿಶೇಷ ಪರಿಶೀಲನೆ ಮಾಡಬೇಕು ಎಂದು ಯೂರೋಕೋಡ್ 5 ಹೇಳುತ್ತದೆ, ಏಕೆಂದರೆ ಮನುಷ್ಯನ ನಡಿಗೆ ಅಂಥ ಮಹಡಿಯನ್ನು ಕೆಳಗಿನವರಿಗೂ ಮೇಲಿನವರಿಗೂ ತಿಳಿಯುವಂತೆ ಅಲುಗಿಸಬಲ್ಲದು. ನೋಡುಗಳನ್ನು ಒಂದಾಗಿಸಿದ ಸುಲಭದ ಮಾದರಿ ನಮ್ಮ ಮಹಡಿಗೆ 9.5 ಹರ್ಟ್ಸ್ ಎಂದು ಹೇಳಿ ಎಂಜಿನಿಯರನ್ನು ನಿಶ್ಚಿಂತನಾಗಿಸುತ್ತದೆ. ಜಾರಿಕೆಯನ್ನು ಸೇರಿಸಿದ ಮಾದರಿ 7.8 ಎನ್ನುತ್ತದೆ. ಮಹಡಿಯೊಂದು ಮಿತಿಯ ಯಾವ ಬದಿಗೆ ನಿಲ್ಲುತ್ತದೆ ಎಂಬುದನ್ನೇ ಒಂದು ಸ್ಪ್ರಿಂಗಿನ ಅಂಕಿ ತೀರ್ಮಾನಿಸಿತು.

ಇದುವರೆಗಿನದೆಲ್ಲ ಮೊದಲ ದಿನದ ಲೆಕ್ಕ. ಕಾಲ ಸೇರಿಕೊಂಡಾಗ ವಿಷಯ ನಿಜಕ್ಕೂ ಜಟಿಲವಾಗುತ್ತದೆ, ನನಗೆ ಈ ವಿಷಯದ ಮೇಲಿರುವ ಪ್ರೀತಿಗೂ ಅದೇ ಕಾರಣ. ನಿರಂತರ ಭಾರದಡಿ ಮರವೂ ಕಾಂಕ್ರೀಟೂ ಜೋಡಣೆಯೂ ನಿಧಾನವಾಗಿ ಬಗ್ಗುತ್ತಾ ಹೋಗುತ್ತವೆ, ಇದೇ ಕ್ರೀಪ್. ಮೂರೂ ಬೇರೆ ಬೇರೆ ಪ್ರಮಾಣದಲ್ಲಿ, ಬೇರೆ ಬೇರೆ ವೇಗದಲ್ಲಿ ಬಗ್ಗುತ್ತವೆ. ಕಾಂಕ್ರೀಟಿನ ಕ್ರೀಪ್ ಆರಂಭದ ವರ್ಷಗಳಲ್ಲೇ ಬೇಗ ಬೆಳೆಯುತ್ತದೆ, ಮರದ್ದು ಹಿಂದೆ ಬೀಳುತ್ತದೆ. ಆದ್ದರಿಂದ ಕಾಂಕ್ರೀಟ್ ಸೋತು ಭಾರ ಮರದ ಕಡೆಗೆ ಸರಿಯುವ, ಆದರೆ ಮರ ಇನ್ನೂ ತನ್ನ ಕ್ರೀಪನ್ನು ಪೂರ್ತಿ ತೋರಿಸದ ಒಂದು ನಡುಗಾಲ ಬರುತ್ತದೆ. ಆರಂಭ ಮತ್ತು 50 ವರ್ಷಗಳ ಕೊನೆ ಮಾತ್ರವಲ್ಲದೆ, 3ರಿಂದ 7 ವರ್ಷಗಳ ನಡುವಿನ ಸ್ಥಿತಿಯನ್ನೂ ಪರಿಶೀಲಿಸಬೇಕು ಎಂದು 2021ರ ನಿರ್ದೇಶನ ಹೇಳಲು ಇದೇ ಕಾರಣ. ಕೊನೆಯ ದಿನದ ಲೆಕ್ಕವೇ ಅತಿ ಕೆಟ್ಟದ್ದು ಎಂಬ ನಮ್ಮ ರೂಢಿಯ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಸರಳಗೊಳಿಸಿದ ಒಂದು ಲೆಕ್ಕ ಮಾಡುತ್ತೇನೆ. ಕಾಂಕ್ರೀಟಿನ ಕ್ರೀಪ್ ಗುಣಾಂಕ 2 (ಮೊದಲ ದಿನದ ಬಗ್ಗುವಿಕೆಯ ಮೇಲೆ ಅದರ ಎರಡು ಪಟ್ಟು ಮತ್ತೆ ಸೇರುತ್ತದೆ ಎಂದರ್ಥ), ಒಣ ಒಳಾಂಗಣದ ಮರಕ್ಕೆ 0.6, ಜೋಡಣೆಗೆ ಅದರ ದುಪ್ಪಟ್ಟು, ಅಂದರೆ 1.2 ಎಂದು ಹಿಡಿದು ಮೂರು ಗುಣಾಂಕಗಳನ್ನೂ ಅದಕ್ಕೆ ತಕ್ಕಂತೆ ತಗ್ಗಿಸಿದರೆ, ಒಟ್ಟು ಸ್ಟಿಫ್‌ನೆಸ್ 5,800ರಿಂದ ಸುಮಾರು 3,000ಕ್ಕೆ ಇಳಿಯುತ್ತದೆ. ನಿರಂತರ ಭಾರದ, ಅಂದರೆ ಒಟ್ಟು ಭಾರದಲ್ಲಿ ಸದಾ ಉಳಿಯುವ ಪಾಲಿನ, ಬಾಗು 6.2 ಮಿ.ಮೀ.ನಿಂದ 12ಕ್ಕೆ ಏರುತ್ತದೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಒಣಗುವಾಗ ಕಾಂಕ್ರೀಟ್ ಕುಗ್ಗುತ್ತದೆ, ಕೆಳಗಿನ ಮರ ಅದನ್ನು ತಡೆಯುತ್ತದೆ, ಆ ತಡೆಯೇ ಮಹಡಿಯನ್ನು ಕೆಳಕ್ಕೆ ಬಾಗಿಸುತ್ತದೆ. ಐಎಸ್ 456 ಸೂಚಿಸುವ 0.0003ರ ಕುಗ್ಗುವಿಕೆಯನ್ನು ನ್ಯೂಮಾರ್ಕ್ ಸಮೀಕರಣಕ್ಕೆ ಕೊಟ್ಟರೆ, ಯಾವ ಭಾರವೂ ಇಲ್ಲದೆ ಕುಗ್ಗುವಿಕೆಯಿಂದಲೇ 5.4 ಮಿ.ಮೀ. ಬಾಗು ಬರುತ್ತದೆ. ಎಲ್ಲ ಸೇರಿ 17 ಮಿ.ಮೀ. ದಾಟಿತು, ಉದ್ದದ ಮುನ್ನೂರರ ಒಂದು ಭಾಗದ ಮಿತಿಯನ್ನು ಒಪ್ಪಿಕೊಂಡರೆ ನಮಗಿರುವುದು 20 ಮಿ.ಮೀ. ಮಾತ್ರ. ಒಟ್ಟು ಬಾಗಿನ ಸುಮಾರು ಮೂರನೇ ಒಂದು ಭಾಗ ಭಾರವೇ ಇಲ್ಲದ ಕಾರಣದಿಂದ ಬಂದಿರುವಾಗ, ಭಾರದ ಸಂಯೋಜನೆಗಳನ್ನು ಮಾತ್ರ ಓಡಿಸಿದ ಮಾದರಿಗೆ ಇದು ಕಾಣುವುದೇ ಇಲ್ಲ. ತಂತ್ರಾಂಶದಲ್ಲಿ ಇದನ್ನು ತೋರಿಸುವುದು ಕಷ್ಟವೂ ಅಲ್ಲ: ಕಾಂಕ್ರೀಟ್ ಎಲಿಮೆಂಟುಗಳಿಗೆ ಮಾತ್ರ, ಅಷ್ಟೇ ಕುಗ್ಗುವಿಕೆ ಕೊಡುವ ತಾಪಮಾನದ ಇಳಿಕೆಯನ್ನು ಕೊಟ್ಟರಾಯಿತು. ಕಾಂಕ್ರೀಟಿನ ಉಷ್ಣ ಹಿಗ್ಗುವಿಕೆಯನ್ನು ಡಿಗ್ರಿಗೆ ಲಕ್ಷದಲ್ಲಿ ಒಂದು ಎಂದು ಹಿಡಿದರೆ ಅದು 30 ಡಿಗ್ರಿ.

ಕಟ್ಟುವ ಹಂತವನ್ನೂ ಮಾದರಿಯೊಳಗೆ ತರಬೇಕು. ಮೇಲಿನ ಎಲ್ಲ ಅಂಕಿಗಳೂ ಕಾಂಕ್ರೀಟ್ ಗಟ್ಟಿಯಾಗುವ ತನಕ ಜಂತೆಗೆ ಕೆಳಗಿನಿಂದ ಆಸರೆ ಕಂಬ ಕೊಟ್ಟಿದ್ದರು ಎಂಬ ಊಹೆಯವು. ಆಸರೆ ಇಲ್ಲದೆ ಹಸಿ ಕಾಂಕ್ರೀಟ್ ಸುರಿದರೆ ಆ ತೂಕವನ್ನೆಲ್ಲ ಮರ ಒಂಟಿಯಾಗಿ ಹೊರುತ್ತದೆ, 12.4 ಮಿ.ಮೀ. ಬಾಗು ಅಲ್ಲೇ ಉಳಿದುಬಿಡುತ್ತದೆ.

ಘನ ಎಲಿಮೆಂಟುಗಳ ಮೂರು ಆಯಾಮದ ಮಾದರಿಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಬಾಕಸ್, ಆನ್ಸಿಸ್‌ನಂಥ ತಂತ್ರಾಂಶಗಳಲ್ಲಿ ಒಂದು ಕಚ್ಚನ್ನೋ ಒಂದು ಸ್ಕ್ರೂವನ್ನೋ ಸುತ್ತಲಿನ ಮರ ಮತ್ತು ಕಾಂಕ್ರೀಟಿನ ಸಮೇತ ಕಟ್ಟಬಹುದು. ಮರಕ್ಕೆ ಮೂರು ದಿಕ್ಕುಗಳಲ್ಲಿ ಮೂರು ಬಗೆಯ ಗುಣ ಇರುವುದರಿಂದ ಒಂಬತ್ತು ಸ್ಥಿರಾಂಕಗಳು ಬೇಕು. ಸಾಮಾನ್ಯ ಸಿ24 ದರ್ಜೆಯ ಮರದಲ್ಲಿ ನಾರಿನುದ್ದಕ್ಕೆ ಗುಣಾಂಕ 11,000 ಇದ್ದರೆ ಅಡ್ಡಕ್ಕೆ 370 ಮಾತ್ರ. ಕಾಂಕ್ರೀಟಿಗೆ ಬಿರುಕು ಮತ್ತು ಜಜ್ಜುವಿಕೆಯ ನಿಯಮ, ನಡುವೆ ಘರ್ಷಣೆ, ಸ್ಕ್ರೂವಿಗೆ ಉಕ್ಕಿನ ಬಾಗುವಿಕೆ. ಕಚ್ಚಿನ ಮುಂದಿನ ಮರ ಯಾವಾಗ ಸೀಳುತ್ತದೆ, ಕಚ್ಚಿನ ಮೂಲೆಯ ಕಾಂಕ್ರೀಟ್ ಯಾವಾಗ ಒಡೆಯುತ್ತದೆ ಎಂಬ ಪ್ರಶ್ನೆಗಳಿಗೆ ಇಂಥ ಮಾದರಿ ಬೇಕೇ ಬೇಕು. ಆದರೆ ಇದರಲ್ಲಿ ಹೊಂದಿಸಬಹುದಾದ ಅಂಕಿಗಳು ಎಷ್ಟಿವೆಯೆಂದರೆ, ಒಂದೇ ಪರೀಕ್ಷೆಯ ರೇಖೆಗೆ ಹತ್ತು ವಿಧಗಳಲ್ಲಿ ಹೊಂದಿಸಿ ಬಿಡಬಹುದು. ಚಿಕ್ಕ ತುಣುಕನ್ನು ತಳ್ಳಿ ಜಾರಿಸುವ ಪರೀಕ್ಷೆಗೆ ಮಾದರಿಯನ್ನು ಹೊಂದಿಸಿ, ಬಳಿಕ ಒಂದು ಅಂಕಿಯನ್ನೂ ಮುಟ್ಟದೆ ಪೂರ್ಣ ಉದ್ದದ ತೊಲೆಯ ಬಾಗುವಿಕೆಯನ್ನು ಅದರಿಂದ ಮುನ್ನುಡಿಯುವುದು ಸರಿಯಾದ ಕ್ರಮ ಎಂದು ನನ್ನ ನಂಬಿಕೆ.

ನಮ್ಮ ನೆಲದ ಮಾತೂ ಇಲ್ಲಿ ಬರಬೇಕು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮದ್ರಾಸ್ ಟೆರೇಸ್ ಚಾವಣಿಯ ಮನೆಗಳು ಇನ್ನೂ ಉಳಿದಿವೆ: ತೇಗದ ಜಂತೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿ ಜೋಡಿಸಿದ ತೆಳು ಇಟ್ಟಿಗೆಗಳು, ಮೇಲೆ ಬಡಿದು ಗಟ್ಟಿ ಮಾಡಿದ ಇಟ್ಟಿಗೆಚೂರು-ಸುಣ್ಣದ ಕಾಂಕ್ರೀಟ್. ಆ ಚಾವಣಿ ಸಂಯುಕ್ತ ರಚನೆಯಲ್ಲ, ಇಟ್ಟಿಗೆ ಮತ್ತು ಜಂತೆಯ ನಡುವೆ ಜೋಡಣೆ ಎಂಬುದಿಲ್ಲ. ಲೆಕ್ಕದಲ್ಲಿ ಅದನ್ನು ಬಿಡಿಬಿಡಿಯ ಅಂಚಿನಲ್ಲೇ ಇಡಬೇಕು. ಆದರೆ ಜಂತೆಗಳು ಆರೋಗ್ಯವಾಗಿರುವ ಕಡೆ, ಮೇಲಿನ ಪದರವನ್ನು ತೆಗೆದು, ಜಂತೆಗಳಿಗೆ ಸ್ಕ್ರೂ ಇಳಿಸಿ ತೆಳು ಕಾಂಕ್ರೀಟ್ ಹಾಕುವುದು ಯುರೋಪಿನ ಹಳೆಯ ಮನೆಗಳಲ್ಲಿ ದಶಕಗಳಿಂದ ನಡೆದಿರುವ ಬಲಪಡಿಸುವ ಕ್ರಮ. ಒಡೆದು ಹೊಸದಾಗಿ ಕಟ್ಟುವ ಮೊದಲು ನಮ್ಮಲ್ಲಿಯೂ ಒಮ್ಮೆ ಈ ಲೆಕ್ಕ ಮಾಡಿ ನೋಡಬೇಕೆಂಬುದು ನನ್ನ ಬಲವಾದ ಆಸೆ.

ಹಾಗೆ ಮಾಡುವಾಗ ಯುರೋಪಿನ ಸ್ಪ್ರೂಸ್ ಮರದ ಅಂಕಿಗಳನ್ನು ಎತ್ತಿ ತೇಗಕ್ಕೆ, ಮತ್ತಿಗೆ, ಹೊನ್ನೆಗೆ ಅಂಟಿಸುವಂತಿಲ್ಲ. ಜೋಡಣೆಯ ಸ್ಟಿಫ್‌ನೆಸ್ ಮರದ ಸಾಂದ್ರತೆಯನ್ನು ಅವಲಂಬಿಸುತ್ತದೆ, ನಮ್ಮ ಗಟ್ಟಿ ಮರಗಳು ಸ್ಪ್ರೂಸ್‌ಗಿಂತ ಸಾಂದ್ರ. ಕ್ರೀಪ್ ಗಾಳಿಯ ತೇವವನ್ನು ಅವಲಂಬಿಸುತ್ತದೆ, ಮಳೆಗಾಲದ ಮಂಗಳೂರು ಚಳಿಗಾಲದಲ್ಲಿ ಹೀಟರ್ ಹಾಕಿದ ಆಸ್ಟ್ರಿಯಾದ ಕೋಣೆಯಲ್ಲ. ಒಣ ಒಳಾಂಗಣಕ್ಕೆ ಹೇಳಿದ 0.6ರ ಬದಲು ತೇವದ ವರ್ಗದ 0.8ರಿಂದಾದರೂ ಲೆಕ್ಕ ಆರಂಭಿಸಬೇಕು. ತಳ್ಳಿ ಜಾರಿಸುವ ಪರೀಕ್ಷೆಗೆ ದೊಡ್ಡ ವ್ಯವಸ್ಥೆ ಬೇಕಿಲ್ಲ, ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದ ಒತ್ತುಯಂತ್ರ ಸಾಕು. ನಡುವೆ ಮರ, ಎರಡು ಬದಿಗೆ ಕಾಂಕ್ರೀಟ್. ಅಂದಾಜು ಗರಿಷ್ಠ ಬಲದ ಶೇಕಡಾ 40ರವರೆಗೆ ಏರಿಸಿ 30 ಸೆಕೆಂಡ್ ಹಿಡಿದು, ಶೇಕಡಾ 10ಕ್ಕೆ ಇಳಿಸಿ ಮತ್ತೆ 30 ಸೆಕೆಂಡ್ ಹಿಡಿದು, ಬಳಿಕ ಮುರಿಯುವವರೆಗೆ ಅಥವಾ 15 ಮಿ.ಮೀ. ಜಾರುವವರೆಗೆ ಏರಿಸಬೇಕು. ಮೊದಲ ಏರಿಕೆಯಲ್ಲಿ ಶೇಕಡಾ 10 ಮತ್ತು 40ರ ನಡುವಿನ ಜಾರಿಕೆಯನ್ನು ಅಳೆದು, ಅದರ 4/3 ಪಟ್ಟಿನಿಂದ ಶೇಕಡಾ 40ರ ಬಲವನ್ನು ಭಾಗಿಸಿದರೆ ಸ್ಪ್ರಿಂಗಿಗೆ ಬೇಕಾದ ಅಂಕಿ ಸಿಗುತ್ತದೆ. ಸಾಮರ್ಥ್ಯದ ಪರಿಶೀಲನೆಗೆ ಅದರ ಮೂರನೇ ಎರಡು ಭಾಗವನ್ನು ಬಳಸಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಯಾರಾದರೂ ಯೋಜನೆಗೆ ವಿಷಯ ಹುಡುಕುತ್ತಿದ್ದರೆ, ಹಳೆಯ ಮನೆಯೊಂದನ್ನು ಕೆಡವಿದಾಗ ಸಿಗುವ ತೇಗದ ಜಂತೆಗಳ ಮೇಲೆ ಈ ಪರೀಕ್ಷೆಯನ್ನು ಮಾಡಲಿ. ಹೊಂದಿಸಿದ ಸ್ಪ್ರಿಂಗ್ ಮಾದರಿಯನ್ನು ಕಟ್ಟಿಕೊಡಲು ನಾನು ಸಂತೋಷದಿಂದ ಜೊತೆಯಾಗುತ್ತೇನೆ.